ಕ್ಷೇತ್ರ ಧ್ವನಿಮುದ್ರಣ ಮತ್ತು ವಿದ್ಯುತ್ಕಾಂತೀಯ ವ್ಯತಿಕರಣ

ಜಾನಪದ ಸಂಶೋಧನೆಯಲ್ಲಿ ಧ್ವನಿಮುದ್ರಿಕೆಯು ಮೂಲ ಆಕರ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು, ಆದಿಚುಂಚನಗಿರಿ ಪರಿಸರದಲ್ಲಿ ಜೋಗಿಗಳ ಪದಗಳನ್ನು ಮುದ್ರಿಸುವಾಗ ಸಮೀಪದಲ್ಲಿ ಮೊಬೈಲ್ ಫೋನಿದ್ದರೆ, ಹಾಡಿನ ನಡುವೆ ‘ಟರ್ರ್’ ಎಂಬ ಸದ್ದು ಸೇರಬಹುದು. ಎದುರು ಕುಳಿತವರಿಗೆ ಕೇಳಿಸದ ಈ ಸದ್ದು ಮುದ್ರಿಕೆಯಲ್ಲಿ ಮಾತ್ರ ಉಳಿಯುತ್ತದೆ.

ಇದು ಹುಟ್ಟುವುದು ಧ್ವನಿಮುದ್ರಕದೊಳಗೆ. ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಆಪರೇಷನಲ್ ಆಂಪ್ಲಿಫೈಯರಿಗೆ ಮೈಕಿನ ತಂತಿಯೇ ಆಂಟೆನಾದಂತೆ ವರ್ತಿಸಿ ರೇಡಿಯೋ ತರಂಗವನ್ನೂ ತಲುಪಿಸುತ್ತದೆ. 900 ಮೆಗಾಹರ್ಟ್ಸ್‌ನ ಆ ತರಂಗವು ಕಿವಿಗೆ ಕೇಳಿಸದು. ಆದರೆ ಆಂಪ್ಲಿಫೈಯರಿನ ಮೊದಲ ಹಂತದ ಟ್ರಾನ್ಸಿಸ್ಟರುಗಳು ಅದನ್ನು ಏಕಮುಖಗೊಳಿಸುವುದರಿಂದ ತರಂಗದ ಏರಿಳಿತವು ಶ್ರವ್ಯ ಸಂಕೇತವಾಗುತ್ತದೆ. ಜಿಎಸ್‌ಎಂ ಫೋನು 4.615 ಮಿಲಿಸೆಕೆಂಡಿಗೊಮ್ಮೆ ಮಿಡಿದು ಪ್ರಸಾರ ಮಾಡುವುದರಿಂದ ಸುಮಾರು 217 ಹರ್ಟ್ಸ್‌ನ ಸದ್ದೂ ಅದರ ಗುಣಕಗಳೂ ಉಂಟಾಗುತ್ತವೆ. ಇವು ಮನುಷ್ಯ ಕಂಠದ ವ್ಯಾಪ್ತಿಯಲ್ಲಿಯೇ ಇರುವುದರಿಂದ, ಬಳಿಕ ಸೋಸಹೊರಟರೆ ಹಾಡುಗಾರನ ದನಿಗೂ ಹಾನಿಯಾಗುತ್ತದೆ.

ಆದುದರಿಂದ ತಡೆಯು ಪ್ರವೇಶದ್ವಾರದಲ್ಲಿಯೇ ಇರಬೇಕು. ಆಂಪ್ಲಿಫೈಯರಿನ ಈ ನಿರೋಧಶಕ್ತಿಯನ್ನು ‘ಇಎಂಐಆರ್‌ಆರ್’ ಎಂಬ ಡೆಸಿಬೆಲ್ ಪ್ರಮಾಣದಲ್ಲಿ ಅಳೆಯುತ್ತಾರೆ. ಅದು ಹೆಚ್ಚಿದಷ್ಟೂ ಒಳಿತು. ಕೆಲವು ಆಂಪ್ಲಿಫೈಯರುಗಳಲ್ಲಿ ಇದಕ್ಕೆಂದೇ ಶೋಧಕವನ್ನು ಒಳಗೆ ಅಳವಡಿಸಿರುತ್ತಾರೆ. ಸಂಗ್ರಾಹಕನು ಕವಚವುಳ್ಳ ಗಿಡ್ಡ ತಂತಿಯನ್ನು ಬಳಸಬೇಕು. ಸುತ್ತಲಿನವರ ಫೋನುಗಳನ್ನು ಆರಿಸಿಸಬೇಕು. ಹೆಡ್‌ಫೋನಿನಲ್ಲಿ ಆಲಿಸುತ್ತಲೇ ಮುದ್ರಿಸಬೇಕು.

ಮೌಖಿಕ ಕಾವ್ಯವನ್ನು ಮತ್ತೊಮ್ಮೆ ಹಾಡಿಸಿದರೆ ದೊರೆಯುವುದು ಮತ್ತೊಂದು ಪಾಠ. ಸದ್ದಿನಲ್ಲಿ ಮುಳುಗಿದ ಸಾಲು ಮರಳಿ ಬಾರದು.