ನಿಮಗಿದು ಗೊತ್ತೆ? ವಿಮಾನದ ಎಂಜಿನ್‌ಗೂ ಚಳಿ!

ಕೆನಡಾ, ಅಲಾಸ್ಕಾದಂಥ ಹಿಮದ ನಾಡುಗಳಲ್ಲಿ ಸಣ್ಣ ವಿಮಾನದ ಪಿಸ್ಟನ್ ಎಂಜಿನ್ ಅನ್ನು ಚಾಲೂ ಮಾಡುವ ಮೊದಲು ಪ್ರೀಹೀಟರ್‌ನಿಂದ ಬಿಸಿ ಮಾಡುತ್ತಾರೆ. ಕೊರೆಯುವ ಚಳಿಗೆ ಆಯಿಲ್ ಮಂದವಾಗಿ ಬೇಗ ಹರಿಯುವುದಿಲ್ಲ. ಚಳಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಕುಗ್ಗುವುದರಿಂದ, ಹೊರಗಿನ ಅಲ್ಯೂಮಿನಿಯಂ ಕವಚಕ್ಕೂ ಒಳಗಿನ ಉಕ್ಕಿನ ಕ್ರ್ಯಾಂಕ್‌ಶಾಫ್ಟ್‌ಗೂ ನಡುವಿನ ಬೇರಿಂಗ್ ಸಂದು ಕಿರಿದಾಗುತ್ತದೆ. ಹಾಗೆಯೇ ಸ್ಟಾರ್ಟ್ ಮಾಡಿದರೆ ಭಾಗಗಳು ಬೇಗ ಸವೆಯುತ್ತವೆ. ಕಾಂಟಿನೆಂಟಲ್ ಕಂಪನಿಯ ಎಂಜಿನ್‌ಗಳಿಗೆ ಸುಮಾರು ಮೈನಸ್ 7, ಲೈಕಮಿಂಗ್ ಕಂಪನಿಯ ಹೆಚ್ಚಿನ ಮಾದರಿಗಳಿಗೆ ಮೈನಸ್ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಬಿಸಿ ಬೇಕೇ ಬೇಕು.

ಆಯಿಲ್ ನಿಲ್ಲುವ ತೊಟ್ಟಿಯಾದ ಸಂಪ್‌ನ ತಳಕ್ಕೂ ಸಿಲಿಂಡರ್‌ಗಳಿಗೂ ವಿದ್ಯುತ್ ಹೀಟರ್ ಜೋಡಿಸಿ, ಎಂಜಿನ್ ಮೇಲೆ ದಪ್ಪ ಹೊದಿಕೆ ಹೊದಿಸುತ್ತಾರೆ. ಆದರೆ ಚಳಿಗಾಲವಿಡೀ ನಿಲ್ಲಿಸಿಟ್ಟ ವಿಮಾನದಲ್ಲಿ ಸಂಪ್ ಒಂದನ್ನೇ ಸದಾ ಬಿಸಿಯಾಗಿಟ್ಟರೆ, ಆಯಿಲ್‌ನಲ್ಲಿನ ತೇವ ಆವಿಯಾಗಿ ಮೇಲೇರಿ ತಣ್ಣಗಿನ ಭಾಗಗಳ ಮೇಲೆ ಹನಿಗಟ್ಟುತ್ತದೆ. ಕ್ಯಾಮ್‌ಶಾಫ್ಟ್ ತುಕ್ಕು ಹಿಡಿಯುತ್ತದೆ. ಆದ್ದರಿಂದ ಹಾರಾಟಕ್ಕೆ ಕೆಲವು ಗಂಟೆ ಮುಂಚೆ ಬಿಸಿ ಮಾಡುವುದೇ ಕ್ಷೇಮ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ತುಕ್ಕು ತಡೆಯುವ ಆಯಿಲ್ ತುಂಬಿ, ಸ್ಪಾರ್ಕ್ ಪ್ಲಗ್‌ಗಳ ಜಾಗದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪ್ಲಗ್ ಹಾಕುತ್ತಾರೆ.

ಆದರೆ ನಮ್ಮ ಉತ್ತರ ಕರ್ನಾಟಕದ ರಂಗಂಪೇಟೆ, ಸುರಪುರದ ಚಳಿ ಸೊನ್ನೆಯ ಹತ್ತಿರಕ್ಕೂ ಇಳಿಯದು. 2019ರಲ್ಲಿ ಆರಂಭವಾದ ಕಲಬುರಗಿ ವಿಮಾನ ನಿಲ್ದಾಣದಲ್ಲೂ ಪ್ರೀಹೀಟರ್ ಬೇಕಿಲ್ಲ. ಮಳೆಗಾಲದ ತೇವದಿಂದ ಎಂಜಿನ್ ಕಾಪಾಡಲು ಸಿಲಿಕಾ ಜೆಲ್ ಮಾತ್ರ ಇಲ್ಲೂ ಉಪಯುಕ್ತ.