ಮ್ಯಾಡ್ರಿಡ್‌ಗೆ ಲಂಡನ್ ಸುತ್ತಿಯೇ ಹೋಗಬೇಕೆ?

‘ಮೆ ಲಬಾಬ ಲಾಸ್ ಮಾನೊಸ್.’ ಸ್ಪ್ಯಾನಿಷ್‌ನ ಈ ನಾಲ್ಕು ಪದಗಳ ಅರ್ಥ ‘ನಾನು ಕೈ ತೊಳೆದುಕೊಳ್ಳುತ್ತಿದ್ದೆ’. ಇಂಗ್ಲಿಷ್ ಓದುಗರಿಗಾಗಿ ಬರೆದ ಪುಸ್ತಕಗಳಲ್ಲಿ ಇದನ್ನು ವಿವರಿಸಲು ಎರಡು ಅಧ್ಯಾಯ ಬೇಕಾಗುತ್ತದೆ: ಕ್ರಿಯೆ ಮಾಡಿದವನ ಮೇಲೇ ಹಿಂತಿರುಗುವ ‘ಆತ್ಮಾರ್ಥಕ’ ಕ್ರಿಯಾಪದದ್ದು ಒಂದು, ಮುಗಿಯದ ಭೂತಕಾಲದ್ದು ಇನ್ನೊಂದು. ಆ ಓದುಗರಿಗೆ ಎರಡೂ ಹೊಸವು, ಹಾಗಾಗಿ ಅಷ್ಟು ವಿವರಣೆ ನ್ಯಾಯವೇ. ನಮ್ಮಲ್ಲೂ ಸ್ಪ್ಯಾನಿಷ್ ಕಲಿಯುವವರ ಕೈಗೆ ಸಿಗುವುದು ಸಾಮಾನ್ಯವಾಗಿ ಅದೇ ಪುಸ್ತಕ. ಅದನ್ನು ಓದುತ್ತ ಕನ್ನಡಿಗ ತನಗೆ ಬಾಲ್ಯದಿಂದ ಗೊತ್ತಿರುವುದನ್ನೇ ಹೊಸ ತೊಡಕೆಂದು ತಿಳಿದು ಬಾಯಿಪಾಠ ಮಾಡುತ್ತಾನೆ. ಇದು ಸುತ್ತುದಾರಿ ಎಂಬುದು ನನ್ನ ವಾದ. ‘ತೊಳೆದುಕೊಳ್ಳುತ್ತಿದ್ದೆ’ ಎಂಬ ಒಂದೇ ಪದದಲ್ಲಿ ಆ ಎರಡು ಅಧ್ಯಾಯಗಳ ಬಹುಪಾಲು ಅಡಗಿದೆ.

ಮೊದಲು ಕಾಲದ ವಿಷಯ. 1492ರಲ್ಲಿ ಕ್ಯಾಸ್ಟಿಲಿಯನ್, ಅಂದರೆ ಸ್ಪ್ಯಾನಿಷ್, ಭಾಷೆಯ ವ್ಯಾಕರಣ ಪ್ರಕಟಿಸಿದ ಆಂಟೋನಿಯೊ ದೆ ನೆಬ್ರಿಹಾ ಈ ‘ಲಬಾಬ’ ರೂಪವನ್ನು ‘ಮುಗಿಯದ ಭೂತ’ ಎಂದೇ ಕರೆದ. 1847ರಲ್ಲಿ, ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ್ದ ಆಂಡ್ರೆಸ್ ಬೆಯ್ಯೊ ಅದಕ್ಕೆ ‘ಕೊಪ್ರೆತೆರಿತೊ’ ಎಂಬ ಇನ್ನೂ ಚೆಂದದ ಹೆಸರಿಟ್ಟ. ಹಿಂದೆ ನಡೆದ ಇನ್ನೊಂದು ಸಂಗತಿಗೆ ಜೊತೆಜೊತೆಯಾಗಿ ಸಾಗುತ್ತಿದ್ದದ್ದು ಎಂಬ ಭಾವ ಅದರಲ್ಲಿದೆ. ಮೆಕ್ಸಿಕೊದ ಶಾಲೆಗಳಲ್ಲಿ ಈಗಲೂ ಅದೇ ಹೆಸರು. ರೂಪವೂ ಸುಲಭ: ಒಂದು ಗುಂಪಿನ ಕ್ರಿಯಾಪದಗಳಿಗೆ ‘ಆಬ’, ಉಳಿದವಕ್ಕೆ ‘ಈಅ’, ಇಡೀ ಭಾಷೆಯಲ್ಲಿ ಈ ನಿಯಮ ಮೀರುವವು ಮೂರೇ. ತೊಡಕು ಇಂಗ್ಲಿಷ್‌ಗೆ ಹೊರಳಿಸುವಾಗ ಶುರು. ದಿನವೂ ಸ್ನಾನ ಮಾಡುತ್ತಿದ್ದೆ ಎನ್ನಲು ಅಲ್ಲಿ ಒಂದು ಬಗೆ, ಸ್ನಾನ ಮಾಡುತ್ತಿದ್ದಾಗ ಫೋನ್ ಬಂತು ಎನ್ನಲು ಬೇರೆ ಬಗೆ. ಸ್ಪ್ಯಾನಿಷ್‌ಗೆ ಎರಡಕ್ಕೂ ‘ಮೆ ದುಚಾಬ’ ಸಾಕು, ಕನ್ನಡಕ್ಕೆ ‘-ತ್ತಿದ್ದೆ’ ಸಾಕು. ರೂಢಿಯೂ ಅದರಲ್ಲೇ, ನಡೆಯುತ್ತಿದ್ದ ಕ್ಷಣವೂ ಅದರಲ್ಲೇ.

ಇನ್ನು ಆ ‘ಮೆ’. ಕನ್ನಡದಲ್ಲಿ ಅದರ ಕೆಲಸವನ್ನು ಮಾಡುವುದು ಸಂತೆಯಲ್ಲೂ ಬಳಸುವ ಪದ. ಬೇಳೆ ಕೊಳ್ಳುವ, ಬಟ್ಟೆ ಕೊಳ್ಳುವ ‘ಕೊಳ್ಳು’ ಬೇರೆ ಕ್ರಿಯಾಪದದ ಬೆನ್ನಿಗೆ ಅಂಟಿದರೆ, ಮಾಡಿದ್ದರ ಫಲ ಮಾಡಿದವನಿಗೇ ಬಂತು ಎಂದಾಗುತ್ತದೆ. ಪಾತ್ರೆ ತೊಳೆಯುತ್ತೇವೆ, ಕೈ ತೊಳೆದುಕೊಳ್ಳುತ್ತೇವೆ. ಸ್ಪ್ಯಾನಿಷ್‌ನಲ್ಲೂ ಪಾತ್ರೆಗೆ ಬರಿಯ ‘ಲಬಾಬ’, ಕೈಗೆ ‘ಮೆ ಲಬಾಬ’. ಹತ್ತಿರದಿಂದ ನೋಡಿದರೆ ಹೋಲಿಕೆ ಇನ್ನೂ ಆಳದ್ದು. ಇಂಗ್ಲಿಷ್‌ನವರು ‘ನನ್ನ ಕೈ’ ಎಂದೇ ಹೇಳಬೇಕು. ಸ್ಪ್ಯಾನಿಷ್‌ನವರು ಬರೀ ‘ಕೈಗಳನ್ನು’ ಎನ್ನುತ್ತಾರೆ, ಯಾರ ಕೈ ಎಂಬುದನ್ನು ‘ಮೆ’ ಆಗಲೇ ಹೇಳಿಬಿಟ್ಟಿದೆ. ನಾವೂ ಊಟಕ್ಕೆ ಮುಂಚೆ ‘ನನ್ನ ಕೈ ತೊಳೆದುಕೊಂಡೆ’ ಎಂದರೆ ಪಕ್ಕದವರು ಮತ್ಯಾರ ಕೈ ತೊಳೆಯಬೇಕಿತ್ತು ಎಂದು ಕೇಳಿಯಾರು. ‘ಸೆ ಇನ್ಸುಲ್ತಾಬನ್’ ಎಂದರೆ ಬೈದುಕೊಳ್ಳುತ್ತಿದ್ದರು. ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರೋ, ಒಬ್ಬರನ್ನೊಬ್ಬರೋ? ಎರಡು ಭಾಷೆಗಳಲ್ಲೂ ಒಂದೇ ಅನುಮಾನ, ಎರಡರಲ್ಲೂ ಸಂದರ್ಭವೇ ಉತ್ತರ.

ಇಲ್ಲೊಂದು ಗಟ್ಟಿ ಆಕ್ಷೇಪ ಬರುತ್ತದೆ. ಸ್ಪ್ಯಾನಿಷ್ ಪಾಠಗಳಲ್ಲಿ ಮೊದಲಿಗೇ ಎದುರಾಗುವ ‘ಮೆ ಲೆಬಂತಾಬ’, ಅಂದರೆ ‘ಏಳುತ್ತಿದ್ದೆ’. ಇದರಲ್ಲಿ ‘ಕೊಳ್ಳು’ ಎಲ್ಲಿದೆ? ಇಲ್ಲ, ನಿಜ. ಆದರೆ ‘ಮೆ’ ತೆಗೆದು ಬರೀ ‘ಲೆಬಂತಾಬ’ ಎಂದು ನೋಡಿ: ಎತ್ತುತ್ತಿದ್ದೆ, ಎಬ್ಬಿಸುತ್ತಿದ್ದೆ ಎಂದಾಗುತ್ತದೆ. ಮಲಗುವುದಕ್ಕೆ ‘ಮೆ ಅಕೊಸ್ತಾಬ’, ಮಗುವನ್ನು ಮಲಗಿಸುವುದಕ್ಕೆ ಬರೀ ‘ಅಕೊಸ್ತಾಬ’. ಸ್ಪ್ಯಾನಿಷ್‌ಗೆ ‘ಮಲಗಿಸು’ ಮೂಲ, ಅದಕ್ಕೆ ‘ಮೆ’ ಸೇರಿಸಿದರೆ ಮಲಗುವುದು. ಕನ್ನಡಕ್ಕೆ ‘ಮಲಗು’ ಮೂಲ, ‘-ಇಸು’ ಸೇರಿಸಿದರೆ ಮಲಗಿಸುವುದು. ಮೆಟ್ಟಿಲು ಅದೇ, ಒಬ್ಬರು ಕೆಳಗಿನಿಂದ ಹತ್ತುತ್ತಾರೆ, ಇನ್ನೊಬ್ಬರು ಮೇಲಿನಿಂದ ಇಳಿಯುತ್ತಾರೆ. ಕನ್ನಡದಲ್ಲಿ ‘-ಇಸು’ ರೂಪ ಹೊಳೆದರೆ ಸ್ಪ್ಯಾನಿಷ್‌ನಲ್ಲಿ ‘ಮೆ’ ಬೇಡ. ‘-ಇಸು’ ಇಲ್ಲದ ಜೋಡಿಪದ ಹೊಳೆದರೆ ‘ಮೆ’ ಬೇಕು. ಎಲ್ಲ ಕ್ರಿಯಾಪದಕ್ಕೂ ಇದು ಒಗ್ಗುವುದಿಲ್ಲ, ಆದರೆ ಏಳುವ, ಕೂರುವ, ಮಲಗುವ, ಸ್ನಾನ ಮಾಡುವ ದಿನಚರಿಯ ಮಾತುಗಳಿಗೆ ಚೆನ್ನಾಗಿಯೇ ಒಗ್ಗುತ್ತದೆ.

ಎರಡನೆಯ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ‘ಕೊಳ್ಳು’ ಯಾರಿಗೂ ಬದಲಾಗುವುದಿಲ್ಲ, ‘ಮೆ’ ಬದಲಾಗುತ್ತದೆ: ನಾನಾದರೆ ಮೆ, ನೀನಾದರೆ ತೆ, ಅವನೋ ಅವಳೋ ಅವರೋ ಆದರೆ ಸೆ, ನಾವಾದರೆ ನೊಸ್. ಸ್ಪೇನಿನಲ್ಲಿ ಆಪ್ತರ ಗುಂಪಿಗೆ ‘ಒಸ್’ ಎಂಬ ಇನ್ನೊಂದೂ ಇದೆ. ಇದಕ್ಕೆ ಅಭ್ಯಾಸವಲ್ಲದೆ ಬೇರೆ ಮದ್ದಿಲ್ಲ. ಆದರೂ ಒಂದು ಲಾಭವಿದೆ. ‘ಕಂತಾಬ’ ಎಂದರೆ ಹಾಡುತ್ತಿದ್ದದ್ದು ನಾನೋ ಅವನೋ ತಿಳಿಯದು, ಎರಡಕ್ಕೂ ರೂಪ ಒಂದೇ. ‘ಮೆ ಲಬಾಬ’, ‘ಸೆ ಲಬಾಬ’ ಎಂದಾಗ ಆ ಗೊಂದಲವಿಲ್ಲ. (ಬರವಣಿಗೆಯಲ್ಲಿ ಎರಡು ‘ಬ’ಗಳಲ್ಲಿ ಮೊದಲನೆಯದು ‘ವಿ’ ಅಕ್ಷರ, ಉಚ್ಚಾರದಲ್ಲಿ ಭೇದವಿಲ್ಲ.) ಎಚ್ಚರ ಬೇಕಾದದ್ದು ಇನ್ನೊಂದು ಕಡೆ: ‘ಮೆ ಸೆಂತಾಬ’ ಎಂದರೆ ಕೂತುಕೊಳ್ಳುತ್ತಿದ್ದೆ, ‘ಮೆ ಸೆಂತೀಅ’ ಎಂದರೆ ನನಗೆ ಹಾಗೆ ಅನಿಸುತ್ತಿತ್ತು.

ಕನ್ನಡವೇ ದಾರಿ ತಪ್ಪಿಸುವ ಜಾಗಗಳೂ ಇವೆ, ಅವನ್ನು ಮುಚ್ಚಿಟ್ಟರೆ ವಾದ ಪೊಳ್ಳಾಗುತ್ತದೆ. ‘ಹಾಡಿಕೊಂಡು ಬಂದ’ ಎಂಬಲ್ಲಿನ ‘ಕೊಂಡು’ ಆತ್ಮಾರ್ಥಕವಲ್ಲ, ಅಲ್ಲಿ ‘ಸೆ’ ತರುವಂತಿಲ್ಲ. ‘ಮೂರು ವರ್ಷ ದಿನಾ ಐದಕ್ಕೆ ಏಳುತ್ತಿದ್ದೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅವಧಿಗೆ ಹೀಗೆ ಬೇಲಿ ಹಾಕಿದ ಕೂಡಲೇ ಸ್ಪ್ಯಾನಿಷ್‌ನವರು ಸಾಮಾನ್ಯವಾಗಿ ಮುಗಿದ ಭೂತಕ್ಕೆ ಹೋಗಿ ‘ಮೆ ಲೆಬಂತೆ’ ಎನ್ನುತ್ತಾರೆ. ‘ಗೊತ್ತಿದ್ದರೆ ಬರುತ್ತಿದ್ದೆ’ ಎಂಬ ನಡೆಯದ ಸಂಗತಿಗೂ ನಾವು ‘-ತ್ತಿದ್ದೆ’ಯನ್ನೇ ದುಡಿಸುತ್ತೇವೆ, ಅಲ್ಲಿ ಅದಕ್ಕೆ ಬೇರೆಯೇ ರೂಪವಿದೆ. ಸ್ಪೇನಿನ ಆಡುಮಾತಿನಲ್ಲಿ ‘ದುಡ್ಡಿದ್ದರೆ ಹೊರಟುಬಿಡುತ್ತಿದ್ದೆ’ ಎನ್ನಲು ‘ಮೆ ಇಬ’ ಎಂದು ನಮ್ಮಂತೆಯೇ ಹೇಳುವುದುಂಟು, ಪರೀಕ್ಷೆಯಲ್ಲಿ ಹಾಗೆ ಬರೆಯದಿರುವುದು ಕ್ಷೇಮ. ಈ ಮೂರು ಗುಂಡಿಗಳನ್ನು ಗುರುತು ಹಾಕಿಕೊಂಡರೆ ಉಳಿದ ದಾರಿಯಲ್ಲಿ ಕನ್ನಡವನ್ನು ನಂಬಬಹುದು. ಸ್ಪ್ಯಾನಿಷ್ ಕಲಿಯುತ್ತಿದ್ದರೆ, ಪುಸ್ತಕದ ಇಂಗ್ಲಿಷ್ ಅರ್ಥದ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಿಂದ ಕನ್ನಡದ್ದನ್ನೂ ಬರೆದುಕೊಳ್ಳಿ.