ಸುರುಳಿ ಸಳಿ: ಕೊಳ್ಳುವ ಮುಂಚೆ ತೂಗಿ ನೋಡಿರಿ



ಸಂಘದ ಸಾಲ ತೆಗೆದು ಮನೆ ಕಟ್ಟಿಸುವವರು ನಮ್ಮಲ್ಲಿ ಬಹಳ. 2019ರ ಆಗಸ್ಟ್ ಮಳೆಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಮನೆ ಬಿದ್ದದ್ದನ್ನು ಕಂಡವರಿಗೆ ಸ್ಲ್ಯಾಬಿನ ಮನೆಯೇ ಬೇಕು. ಸಿಮೆಂಟ್, ಉಸುಕಿನ ಲೆಕ್ಕ ಎಲ್ಲರೂ ಕೇಳುತ್ತೀರಿ. ಸಳಿಯ ಮಾತು ಬಂದರೆ ಮಾತ್ರ, "ನಮಗೇನ್ ತಿಳೀತೈತ್ರಿ ಸಿಸ್ಟರ್, ಗೌಂಡಿ ಹೇಳಿದ್ದ ಖರೆ" ಅನ್ನುತ್ತೀರಿ. ತಿಳಿಯದೇ ಇರುವಂಥದ್ದು ಇದರಲ್ಲಿ ಏನೂ ಇಲ್ಲ.

ಸಳಿ ಯಾಕೆ ಬೇಕು?

ದೇಗಾಂವದ ಕಮಲನಾರಾಯಣ ಗುಡಿ 12ನೆಯ ಶತಮಾನದ್ದು. ಅಲ್ಲಿ ಕಲ್ಲಿನ ತೊಲೆಗಳಿಗೆ ಸಾಲುಕಂಬಗಳ ಆಸರೆ ಇದೆ. ಕಲ್ಲು ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಆದರೆ ಜಗ್ಗಿದರೆ ತಡೆಯದು. ಉದ್ದ ತೊಲೆಯಾದರೆ ನಡುವೆ ಕೆಳಗಿನಿಂದ ಬಿರುಕು ಬಿಡುತ್ತದೆ. ಕಾಂಕ್ರೀಟಿನ ಗುಣವೂ ಅದೇ. ಆ ಜಗ್ಗಾಟವನ್ನು ತಡೆಯುವುದು ಒಳಗಿನ ಸಳಿ.

ಸುರುಳಿ ಎಂದರೇನು?

ದಪ್ಪ ಸಳಿ ಸಾಮಾನ್ಯವಾಗಿ 12 ಮೀಟರ್ ಉದ್ದದ್ದು ಬರುತ್ತದೆ. 6 ಮತ್ತು 8 ಮಿ.ಮೀ. ತೆಳು ಸಳಿ ಎಷ್ಟೋ ಸಲ ಸಿಂಬಿಯ ಹಾಗೆ ಸುತ್ತಿ ಬರುತ್ತದೆ. ಅದನ್ನು ನೆಟ್ಟಗೆ ಮಾಡಿ ಸ್ಲ್ಯಾಬಿಗೆ ಹಾಸುತ್ತಾರೆ, ಕಾಲಮ್ ಮತ್ತು ಬೀಮಿಗೆ ರಿಂಗ್ ಮಾಡುತ್ತಾರೆ. ರಿಂಗ್ ಸಣ್ಣದು ಅನ್ನಬೇಡಿರಿ. ಉದ್ದ ಸಳಿಗಳು ಹೊರಗೆ ಬಾಗದಂತೆ ಹಿಡಿದಿಡುವುದು ಅದೇ.

ಮೋಸ ಎಲ್ಲಿ ಆಗುತ್ತದೆ?

8 ಮಿ.ಮೀ. ಎಂದು ಹೇಳಿ 7 ಮಿ.ಮೀ. ಕೊಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದೇ ಮಿ.ಮೀ. ಕಡಿಮೆಯಾದರೂ ಶಕ್ತಿಯಲ್ಲಿ ಸುಮಾರು ಕಾಲುಭಾಗ ಹೋಗುತ್ತದೆ. ಪರೀಕ್ಷೆ ಸುಲಭ. ಸರಿಯಾಗಿ 1 ಮೀಟರ್ ತುಂಡು ಕತ್ತರಿಸಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಡಿರಿ:

6 ಮಿ.ಮೀ. – 222 ಗ್ರಾಂ
8 ಮಿ.ಮೀ. – 395 ಗ್ರಾಂ
10 ಮಿ.ಮೀ. – 617 ಗ್ರಾಂ
12 ಮಿ.ಮೀ. – 888 ಗ್ರಾಂ

ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಆದರೆ 8ರ ತುಂಡು 300 ಗ್ರಾಂ ತೂಗಿದರೆ ಅದು 7ರ ಸಳಿ, ವಾಪಸ್ ಕಳಿಸಿರಿ. ಸುರುಳಿಯನ್ನು ನಗದ ಲೆಕ್ಕದಲ್ಲಿ ಎಣಿಸಲು ಬರುವುದಿಲ್ಲ. ಆದ್ದರಿಂದ ತೂಕದ ಚೀಟಿ ಮತ್ತು ಪಕ್ಕಾ ಬಿಲ್ ಎರಡನ್ನೂ ಕೇಳಿರಿ.

ಇನ್ನು ನಾಲ್ಕು ಮಾತು:

1. ಕಟ್ಟಿನ ಬಿಲ್ಲೆಯ ಮೇಲೆ ಐ.ಎಸ್.ಐ. ಗುರುತು ಮತ್ತು 'ಐ.ಎಸ್. 1786' ಎಂದು ಇರಬೇಕು.

2. ಸುರುಳಿಯನ್ನು ಮಷಿನ್ನಿನಲ್ಲಿ ನೆಟ್ಟಗೆ ಮಾಡಿಸಿದರೆ ಒಳ್ಳೆಯದು. ಸುತ್ತಿಗೆಯಿಂದ ಬಡಿದು, ಮತ್ತೆ ಮತ್ತೆ ಬಗ್ಗಿಸಿ ಬಿಡಿಸಿದರೆ ಸಳಿ ಸೋಲುತ್ತದೆ. ಬಗ್ಗಿಸಿದಲ್ಲಿ ಬಿರುಕು ಕಂಡರೆ ಬಳಸಬೇಡಿರಿ.

3. ರಿಂಗಿನ ಎರಡೂ ತುದಿಗಳು ಒಳಮುಖವಾಗಿ ಬಾಗಿರಬೇಕು. ಇಲ್ಲವಾದರೆ ಭಾರ ಬಿದ್ದಾಗ ರಿಂಗ್ ಬಿಚ್ಚಿಕೊಳ್ಳುತ್ತದೆ.

4. ಸಳಿಯನ್ನು ನೆಲದ ಮೇಲೆ ಹಾಕದೆ, ಕಟ್ಟಿಗೆಯ ಮೇಲಿಟ್ಟು ಮುಚ್ಚಿರಿ. ತೆಳುವಾದ ಕೆಂಪು ತುಕ್ಕಿಗೆ ಹೆದರಬೇಕಿಲ್ಲ. ಹೊಪ್ಪಳಿಕೆ ಏಳುವ ತುಕ್ಕು ಬೇಡ. ಕಾಂಕ್ರೀಟ್ ಹಾಕುವಾಗ ಸಳಿಯ ಕೆಳಗೆ ಕವರ್ ಬ್ಲಾಕ್ ಇಡಿಸಿರಿ: ಸ್ಲ್ಯಾಬಿಗೆ 20 ಮಿ.ಮೀ., ಕಾಲಮಿಗೆ ಸುತ್ತಲೂ 40 ಮಿ.ಮೀ. ಸಳಿ ಹೊರಗೆ ಕಂಡರೆ ನೀರು ತಾಗಿ ತುಕ್ಕು ಉಬ್ಬಿ, ಸ್ಲ್ಯಾಬ್ ಹಕ್ಕಳೆ ಎದ್ದು ಉದುರುತ್ತದೆ.

ಎಷ್ಟು ಸಳಿ, ಎಷ್ಟು ಅಂತರ ಎಂಬುದನ್ನು ಇಂಜಿನಿಯರರ ನಕ್ಷೆ ಹೇಳಬೇಕು. ಆದರೆ ತೂಗುವುದು, ನೋಡುವುದು, ಕೇಳುವುದು ನಮ್ಮ ಕೆಲಸ. ಕಾಂಕ್ರೀಟ್ ಬಿದ್ದ ಮೇಲೆ ಒಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಕಂತು ಮಾತ್ರ ವರ್ಷಗಟ್ಟಲೆ ನೀವೇ ಕಟ್ಟುತ್ತೀರಿ, ಅದರ ಕೆಳಗೆ ಮಲಗುವವರು ನಿಮ್ಮ ಮಕ್ಕಳೇ. ಮುಂದಿನ ಸಭೆಗೆ ಒಂದು ಟೇಪು, ಒಂದು ತುಂಡು ಸಳಿ ತನ್ನಿರಿ. ಎಲ್ಲರೂ ಸೇರಿ ತೂಗಿ ಕಲಿಯೋಣ.